ಬ್ಯಾನರಿನಲ್ಲಿ ಅಕ್ಕ, ವೇದಿಕೆಯಲ್ಲಿ ಅಣ್ಣಂದಿರು

ಜನವರಿ ಬಂತೆಂದರೆ ಕೂಡಲಸಂಗಮದ ದಾರಿಯುದ್ದಕ್ಕೂ ಫ್ಲೆಕ್ಸ್‌ಗಳ ಸಾಲು. ಸಂಕ್ರಾಂತಿ ಹೊತ್ತಿನ ಶರಣ ಮೇಳಕ್ಕೆ ಬರುವ ಮಂದಿಯನ್ನು ಸ್ವಾಗತಿಸುವವರು ಒಬ್ಬಿಬ್ಬರಲ್ಲ. ಬಸವ ಜಯಂತಿಗೆ ಇದೇ ಸಾಲು ಹುನಗುಂದ, ಇಳಕಲ್, ಬಾಗಲಕೋಟೆಯ ಸರ್ಕಲ್‌ಗಳಿಗೂ ಹಬ್ಬುತ್ತದೆ. ಫ್ಲೆಕ್ಸ್ ಯಾರದೇ ಇರಲಿ, ನಡುವೆ ಬಸವಣ್ಣ, ಪಕ್ಕದಲ್ಲಿ ಅಕ್ಕಮಹಾದೇವಿ. ಕೆಳಗೆ ಶುಭ ಕೋರುವವರ ಪಾಸ್‌ಪೋರ್ಟ್ ಅಳತೆಯ ಮುಖಗಳು, ಹೆಚ್ಚುಕಡಿಮೆ ಎಲ್ಲವೂ ಗಂಡಸರವೇ. ಮೇಲೆ ಎಲ್ಲಾದರೂ ಒಂದು ಕಡೆ ‘ಕ್ರಾಂತಿ’ ಎಂಬ ಪದ ಇದ್ದೇ ಇರುತ್ತದೆ.

ಹನ್ನೆರಡನೇ ಶತಮಾನದ ಶರಣರ ಕೆಲಸವನ್ನು ಕ್ರಾಂತಿ ಎಂದು ಕರೆಯುವುದಕ್ಕೆ ನಮ್ಮ ತಕರಾರಿಲ್ಲ. ದೇವರ ಹೆಸರಿನಲ್ಲಿ ಹೆಣ್ಣನ್ನು ದೂರ ಇಟ್ಟದ್ದನ್ನು ಅಷ್ಟು ನೇರವಾಗಿ ಕೇಳಿದವರು ಆಗ ಇನ್ನೆಷ್ಟು ಮಂದಿ ಇದ್ದರು? ನಮ್ಮ ಪ್ರಶ್ನೆ ಚಿಕ್ಕದು. ಈ ಕ್ರಾಂತಿಯ ಚಿತ್ರದಲ್ಲಿ ಹೆಣ್ಣುಮಗಳು ಏನು ಮಾಡುತ್ತಿದ್ದಾಳೆ? ಮಾತಾಡುತ್ತಿದ್ದಾಳೋ, ಇಲ್ಲಾ ಸುಮ್ಮನೆ ನಿಂತಿದ್ದಾಳೋ?

ಈ ಪ್ರಶ್ನೆ ಬೇರೆ ದೇಶದವರನ್ನೂ ಕಾಡಿದೆ. ಅದಕ್ಕೆ ಸ್ವಲ್ಪ ದೂರ, ಚೀನಾದ ತನಕ ಹೋಗಿಬರೋಣ. ಅಲ್ಲಿಯ ಕಮ್ಯುನಿಸ್ಟರು ಹಳ್ಳಿ ಜನರನ್ನು ತಮ್ಮ ಕಡೆ ಸೆಳೆದುಕೊಂಡದ್ದು ಬರೀ ಭಾಷಣದಿಂದ ಅಲ್ಲ. ಓದು ಬಾರದ ರೈತರ ಮುಂದೆ ಹಾಡು, ನಾಟಕ, ಗೋಡೆಚಿತ್ರ ಇಟ್ಟರು. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1945ರಲ್ಲಿ ಯೆನಾನ್ ಎಂಬಲ್ಲಿ ಮೊದಲು ಆಡಿದ ‘ಬಿಳಿಗೂದಲ ಹುಡುಗಿ’ ಎಂಬ ಹಾಡಿನ ನಾಟಕ. ನಮ್ಮ ಕಡೆಯ ಸಣ್ಣಾಟ, ಪಾರಿಜಾತ ನೋಡಿ ಬೆಳೆದವರಿಗೆ ಅದರ ಕತೆ ಪರಕೀಯ ಅನ್ನಿಸುವುದಿಲ್ಲ.

ಗೇಣಿ ರೈತನೊಬ್ಬ ಸಾಲ ತೀರಿಸಲಾರದೆ ಹೊಸ ವರ್ಷದ ಹಿಂದಿನ ರಾತ್ರಿ ಮಗಳನ್ನೇ ಸಾಹುಕಾರನಿಗೆ ಬರೆದುಕೊಡಬೇಕಾಗುತ್ತದೆ. ಹೆಬ್ಬೆಟ್ಟು ಒತ್ತಿ ಬಂದ ಸಂಕಟಕ್ಕೆ ಅವನು ವಿಷದ ನೀರು ಕುಡಿದು ಸಾಯುತ್ತಾನೆ. ಮಗಳು ಶಿಅರ್ ಸಾಹುಕಾರನ ಮನೆಯಲ್ಲಿ ಆಳಾಗುತ್ತಾಳೆ. ಸಾಹುಕಾರನ ತಾಯಿ ಬುದ್ಧನ ಪೂಜೆಯಲ್ಲಿ ಮುಳುಗಿದವಳು, ಆಳುಮಗಳ ಪಾಲಿಗೆ ಮಾತ್ರ ಕ್ರೂರಿ. ಸಾಹುಕಾರ ಹುಡುಗಿಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಬಸುರಿ ಹುಡುಗಿ ಗುಡ್ಡಕ್ಕೆ ಓಡಿಹೋಗುತ್ತಾಳೆ. ಉಪ್ಪಿಲ್ಲದೆ, ಬಿಸಿಲಿಲ್ಲದೆ ಗವಿಯಲ್ಲಿ ಬದುಕಿ ಅವಳ ಕೂದಲು ಬೆಳ್ಳಗಾಗುತ್ತದೆ. ಹೊಟ್ಟೆಗಾಗಿ ರಾತ್ರಿ ಗುಡಿಗೆ ಬಂದು ನೈವೇದ್ಯ ಕದ್ದು ತಿನ್ನುತ್ತಾಳೆ. ಕತ್ತಲಲ್ಲಿ ಕಂಡ ಊರವರು ‘ಬಿಳಿಗೂದಲ ದೇವಿ’ ಬಂದಳೆಂದು ಹೆದರಿ ಇನ್ನಷ್ಟು ನೈವೇದ್ಯ ಇಡುತ್ತಾರೆ. ಕೊನೆಗೆ ಕ್ರಾಂತಿಯ ಸೈನ್ಯ ಬರುತ್ತದೆ. ಅದರಲ್ಲಿ ಅವಳನ್ನು ಮದುವೆಯಾಗಬೇಕಿದ್ದ ಹುಡುಗನೂ ಇರುತ್ತಾನೆ. ಅವನು ಗುಡಿಯಲ್ಲಿ ‘ದೇವಿ’ಯನ್ನು ಹಿಡಿದು ನೋಡಿದರೆ ಅದು ನಮ್ಮ ಶಿಅರ್.

ದೇವಿಯೂ ಇಲ್ಲ, ದೆವ್ವವೂ ಇಲ್ಲ, ಅನ್ಯಾಯಕ್ಕೊಳಗಾದ ಹೆಣ್ಣುಮಗಳು ಇದ್ದಾಳೆ ಅಂತ ಒಂದೇ ಏಟಿಗೆ ಹೇಳುವ ಕತೆ. ಧರ್ಮ ಮತ್ತು ಹೆಣ್ಣು ಎರಡನ್ನೂ ಒಂದೇ ಕೂದಲಿಗೆ ಕಟ್ಟಿದ್ದಾರೆ.

ಇದನ್ನು ಓದುವಾಗ ನಮ್ಮ ಕಡೆಯವರಿಗೆ ನೆನಪಾಗುವುದು ಜಟೆ. ಹೆಣ್ಣುಮಗುವಿನ ತಲೆಗೂದಲು ಗಂಟುಗಟ್ಟಿದರೆ ಎಲ್ಲಮ್ಮನ ಕರೆ ಬಂತು ಎನ್ನುತ್ತಿದ್ದರು. ಎಣ್ಣೆ, ಬಾಚಣಿಗೆ ಮುಟ್ಟಿಸುವಂತಿಲ್ಲ. ಅರಿಷಿಣ, ಭಂಡಾರ ಹಚ್ಚಿ ಪೂಜೆ. ಆಮೇಲೆ ಒಂದು ದಿನ ಸವದತ್ತಿ ಗುಡ್ಡಕ್ಕೆ ಕರೆದೊಯ್ದು ಕೊರಳಿಗೆ ಮುತ್ತು ಕಟ್ಟಿಸಿದರೆ ಮುಗಿಯಿತು, ಅವಳಿಗೆ ಮದುವೆ ಇಲ್ಲ. ದಲಿತರ ಮನೆಗಳ ಹುಡುಗಿಯರ ಪಾಲಿಗೇ ಈ ಕರೆ ಯಾಕೆ ಬರುತ್ತಿತ್ತು, ಗೌಡರ ಮನೆಯ ಹುಡುಗಿಯ ತಲೆಯಲ್ಲಿ ಗಂಟು ಯಾಕೆ ಬರೀ ಗಂಟಾಗಿಯೇ ಉಳಿಯುತ್ತಿತ್ತು ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಜಿಲ್ಲೆಯ ಮುಧೋಳ, ಜಮಖಂಡಿ ಕಡೆ ಈ ಪದ್ಧತಿಯ ಬೇರು ಆಳ. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಬೀದಿನಾಟಕ, ಗೋಡೆಬರಹ, ಜಾಥಾ ಎಲ್ಲ ನಡೆದವು. ಜಟೆ ಕತ್ತರಿಸಿ, ತಲೆ ತೊಳೆದು, ಇಗೋ ಬರೀ ಕೂದಲು ಎಂದು ತೋರಿಸುವ ಕಾರ್ಯಕ್ರಮಗಳೂ ನಡೆದವು. ಶಿಅರ್‌ಳ ಕತೆಯನ್ನು ಓದದೆಯೇ ನಮ್ಮವರು ಅದನ್ನೇ ಮಾಡಿದರು.

ಮಾಡಿದ್ದು ಸರಿಯೇ. ಆದರೆ ಇಂಥ ಪ್ರಚಾರದಲ್ಲಿ ಒಂದು ಗುಣ ಇದೆ, ಅದನ್ನು ಗಮನಿಸಬೇಕು. ಪ್ರಚಾರ ಹೆಣ್ಣನ್ನು ಮುಂದೆ ನಿಲ್ಲಿಸುತ್ತದೆ, ನಿಲ್ಲಿಸುವಾಗ ಅವಳನ್ನು ತನಗೆ ಬೇಕಾದಂತೆ ತೊಳೆದು ಒರೆಸಿ ನಿಲ್ಲಿಸುತ್ತದೆ.

ಬಿಳಿಗೂದಲ ಹುಡುಗಿಗೆ ಆದದ್ದು ನೋಡಿ. 1945ರ ನಾಟಕದಲ್ಲಿ ಅವಳ ಮೇಲಾದ ಅತ್ಯಾಚಾರ ಇದೆ, ಬಸಿರು ಇದೆ. ಅದು 1950ರಲ್ಲಿ ಸಿನಿಮಾ ಆಯಿತು. 1965ರಲ್ಲಿ ಶಾಂಘೈನಲ್ಲಿ ಬ್ಯಾಲೆ ನೃತ್ಯನಾಟಕವಾಗಿ ಬಂದಾಗ ಅತ್ಯಾಚಾರವನ್ನೇ ತೆಗೆದುಹಾಕಿದ್ದರು. ಕ್ರಾಂತಿಯ ನಾಯಕಿ ಕಳಂಕವಿಲ್ಲದವಳು, ಹೊಡೆದು ಓಡಿದವಳು. ಅಪ್ಪನೂ ವಿಷ ಕುಡಿಯುವುದಿಲ್ಲ, ಬಡಿಗೆ ಹಿಡಿದು ಹೋರಾಡಿ ಸಾಯುತ್ತಾನೆ. ನೋಡುವುದಕ್ಕೆ ಭರ್ಜರಿ. ಆದರೆ ಹಳ್ಳಿಯಲ್ಲಿ ಸಾಹುಕಾರನ ಮನೆಯಿಂದ ಬಸುರಾಗಿ ಬಂದು, ಯಾರಿಗೂ ಹೇಳಲಾರದೆ ಬದುಕಿದ ನಿಜವಾದ ಹೆಂಗಸು ಆ ಬ್ಯಾಲೆ ನೋಡಿ ತನ್ನನ್ನು ಎಲ್ಲಿ ಹುಡುಕಿಕೊಳ್ಳಬೇಕು? ಪ್ರಚಾರ ಚೆಂದವಾದಷ್ಟೂ ಅವಳು ಚಿತ್ರದಿಂದ ಹೊರಗೆ ಹೋದಳು.

ನಮ್ಮ ಅಕ್ಕಮಹಾದೇವಿಯ ಫ್ಲೆಕ್ಸ್ ನೋಡಿದರೆ ಅಲ್ಲಿಯೂ ಇದೇ ತೊಳೆಯುವ ಕೆಲಸ. ಉಡುತಡಿಯಿಂದ ಕೌಶಿಕನನ್ನು, ಅರಮನೆಯನ್ನು, ಉಟ್ಟ ಬಟ್ಟೆಯನ್ನು ಬಿಟ್ಟು ಹೊರಟವಳು ಎಂದು ಪರಂಪರೆ ಹೇಳುವ ಹೆಣ್ಣು, ಫ್ಲೆಕ್ಸಿನಲ್ಲಿ ಬಿಳಿ ಸೀರೆಯಲ್ಲಿ, ಇಸ್ತ್ರಿ ಮಾಡಿದ ಸೆರಗಿನಲ್ಲಿ, ಕಣ್ಣು ಮುಚ್ಚಿ ಕೂತಿರುತ್ತಾಳೆ. ಅವಳ ಸಿಟ್ಟು, ತಹತಹ, ಗಂಡಸರ ಸಭೆಯಲ್ಲಿ ಅಲ್ಲಮನಿಗೆ ಎದುರು ನಿಂತು ಕೊಟ್ಟ ಉತ್ತರ ಯಾವುದೂ ಆ ಮುಖದಲ್ಲಿ ಕಾಣುವುದಿಲ್ಲ. ಅದು ಯಾವ ಮನೆಯ ಗೋಡೆಯ ಮೇಲಾದರೂ ತೂಗುಹಾಕಬಹುದಾದ, ಯಾರಿಗೂ ತೊಂದರೆ ಕೊಡದ ಮುಖ.

ಅಕ್ಕನಾದರೂ ಫ್ಲೆಕ್ಸಿಗೆ ಬಂದಳು. ವಚನ ಬರೆದ ಹೆಣ್ಣುಮಕ್ಕಳು ಮೂವತ್ತಕ್ಕೂ ಹೆಚ್ಚು. ನೂಲುವ ಕದಿರ ರೆಮ್ಮವ್ವೆ, ಬತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಸತ್ಯಕ್ಕ, ಗೊಗ್ಗವ್ವೆ, ಗಂಡ ಆಯ್ದು ತಂದ ಅಕ್ಕಿ ಜಾಸ್ತಿ ಆಯಿತೆಂದು ವಾಪಸು ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮ. ಇವರ ಸಾಲಿನಲ್ಲೇ ಸೂಳೆ ಸಂಕವ್ವೆ. ಆಕೆಯದು ಒಂದೇ ಒಂದು ವಚನ ಉಳಿದಿದೆ, ಅಂಕಿತ ನಿರ್ಲಜ್ಜೇಶ್ವರ. ತನ್ನ ಕಸುಬಿನ ಲೆಕ್ಕಾಚಾರದ ಮಾತನ್ನೇ ಎತ್ತಿಕೊಂಡು ವ್ರತದ ಬಗ್ಗೆ ಮಾತಾಡಿದ ಹೆಂಗಸು. ದೇವರ ಅಂಕಿತಕ್ಕೇ ‘ನಾಚಿಕೆ ಇಲ್ಲದವನು’ ಎಂಬ ಹೆಸರು ಆರಿಸಿಕೊಂಡಳೆಂದರೆ ಊರು ತನಗೆ ಅಂದದ್ದನ್ನು ಊರಿಗೇ ತಿರುಗಿಸಿದಳು ಅಂತಲೇ ನಾವು ಓದುತ್ತೇವೆ. ಎಂಟುನೂರು ವರ್ಷದ ಹಿಂದೆ ಅವಳ ಮಾತಿಗೆ ಜಾಗ ಇತ್ತು. ಇವತ್ತಿನ ಯಾವ ಸರ್ಕಲ್‌ನ ಫ್ಲೆಕ್ಸಿನಲ್ಲಿ ಅವಳ ಚಿತ್ರ ನೋಡಿದ್ದೀರಿ? ಯಾವ ಹೆಣ್ಣುಮಕ್ಕಳ ಶಾಲೆಗೆ ಅವಳ ಹೆಸರಿಟ್ಟಿದ್ದಾರೆ?

ಚೀನಾದ ಕತೆಗೆ ಇನ್ನೊಮ್ಮೆ ಬರೋಣ, ಅಲ್ಲಿ ನಮಗೆ ಉಪಯೋಗವಾಗುವ ಒಂದು ಮಾತಿದೆ. 1927ರಲ್ಲಿ ಮಾವೋ ಹುನಾನ್ ಪ್ರಾಂತದ ರೈತ ಹೋರಾಟ ನೋಡಿ ಒಂದು ವರದಿ ಬರೆದ. ನಮ್ಮ ಕೆಲಸವನ್ನೇ ಮಾಡಿದ ಎನ್ನಿ, ಹಳ್ಳಿ ಹಳ್ಳಿ ಸುತ್ತಿ ಬರೆದದ್ದು. ಗಂಡಸಿಗೆ ಮೂರು ಕಟ್ಟು ಇವೆ: ಸರ್ಕಾರ, ಕುಲ, ದೇವರು. ಹೆಂಗಸಿಗೆ ಈ ಮೂರರ ಮೇಲೆ ನಾಲ್ಕನೆಯದು ಗಂಡ. ಇದು ಅವನ ಲೆಕ್ಕ. ಅದೇ ವರದಿಯಲ್ಲಿ ಅವನು ಮೂರ್ತಿಗಳ ವಿಷಯಕ್ಕೆ ಹೇಳಿದ್ದು ಇನ್ನೂ ಮುಖ್ಯ. ಮೂರ್ತಿ ನಿಲ್ಲಿಸಿದವರು ರೈತರು, ಬೇಡವಾದಾಗ ತೆಗೆಯುವವರೂ ಅವರೇ, ಅವರ ಪರವಾಗಿ ಇನ್ನೊಬ್ಬರು ಮುಂಚಿತವಾಗಿ ಹೋಗಿ ತೆಗೆಯಬಾರದು ಎಂಬುದು ಅವನ ಅಭಿಪ್ರಾಯವಾಗಿತ್ತು.

ಅದೇ ಮಾವೋ ಆಳುತ್ತಿದ್ದಾಗ, 1966ರಲ್ಲಿ, ಹಳೆಯದೆಲ್ಲವನ್ನೂ ನಾಶ ಮಾಡಿ ಎಂಬ ಚಳವಳಿ ಎದ್ದಿತು. ಶಾಲೆ ಕಾಲೇಜಿನ ಹುಡುಗ ಹುಡುಗಿಯರು ಗುಡಿಗಳಿಗೆ ನುಗ್ಗಿ ಮೂರ್ತಿ ಒಡೆದರು, ಗ್ರಂಥ ಸುಟ್ಟರು. ಗುಡಿಯಲ್ಲಿ ಮಗುವಿಗಾಗಿ ಹರಕೆ ಹೊರುತ್ತಿದ್ದ ಮುದುಕಿಯನ್ನು ಯಾರೂ ಕೇಳಲಿಲ್ಲ. ಮಾವೋ ಸತ್ತ ಮೇಲೆ ಬಿಗಿ ಸಡಿಲವಾಗುತ್ತಲೇ ಎಷ್ಟೋ ಹಳ್ಳಿಗಳಲ್ಲಿ ಗುಡಿಗಳು ಮತ್ತೆ ಎದ್ದವು. ಬೇರೆಯವರ ಕೈಯಿಂದ ಆದದ್ದು ಹೀಗೆಯೇ.

ಜಟೆಯ ವಿಷಯದಲ್ಲಿ ನಮ್ಮ ಕಡೆ ಒಂದು ಒಳ್ಳೆಯ ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿಯಾಗಿದ್ದ ಹೆಣ್ಣುಮಕ್ಕಳೇ 1997ರಲ್ಲಿ ಘಟಪ್ರಭಾದಲ್ಲಿ ‘ಮಾಸ್’ ಎಂಬ ಹೆಸರಿನ ತಮ್ಮದೇ ಸಂಸ್ಥೆ ಕಟ್ಟಿದರು. ಪೂರ್ತಿ ಹೆಸರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಸರ್ಕಾರಿ ಜೀಪಿನಲ್ಲಿ ಬಂದ ಸಾಹೇಬರು ‘ಎಲ್ಲಮ್ಮ ಸುಳ್ಳು’ ಎಂದರೆ ಕೇಳದ ತಾಯಿ, ತನ್ನಂತೆಯೇ ಮುತ್ತು ಕಟ್ಟಿಸಿಕೊಂಡು ನರಳಿದವಳು ಪಕ್ಕ ಕೂತು ‘ನಿನ್ನ ಮಗಳಿಗೆ ಇದು ಬ್ಯಾಡ ಯವ್ವಾ’ ಎಂದರೆ ಕೇಳುತ್ತಾಳೆ. ಅಂಥವಳಿಗೆ ಎಲ್ಲಮ್ಮನನ್ನು ಬೈಯುವ ಅಗತ್ಯವೂ ಇಲ್ಲ. ಜಟೆ ಹೋದರೂ ದೇವಿ ಮೇಲಿನ ಭಕ್ತಿ ಉಳಿಯಬಹುದು, ಅದು ಅವಳಿಗೆ ಬಿಟ್ಟದ್ದು.

ಸರ್ಕಾರದ ಎರಡು ಸಮೀಕ್ಷೆಗಳನ್ನು ಸೇರಿಸಿದರೆ ಮಾಜಿ ದೇವದಾಸಿಯರ ಪಟ್ಟಿಯಲ್ಲಿ 46,660 ಹೆಸರು. ಎರಡನೇ ಸಮೀಕ್ಷೆ ನಡೆದದ್ದು 2007-08ರಲ್ಲಿ. ಆಮೇಲೆ ಬಹಳ ವರ್ಷ, ಹೆಸರು ಬಿಟ್ಟುಹೋದವರು ಕಚೇರಿಯಿಂದ ಕಚೇರಿಗೆ ಅಲೆದರು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮಕ್ಕಳ ದಾಖಲೆಯಲ್ಲಿ ಅಪ್ಪನ ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂಬುದು ಅದರಲ್ಲಿದೆ. ಇದು ಆ ತಾಯಂದಿರೂ ಅವರ ಮಕ್ಕಳೂ ವರ್ಷಗಟ್ಟಲೆ ಕೇಳಿ ಪಡೆದದ್ದು. ಯಾವ ಗೋಡೆಬರಹದಲ್ಲೂ ಇದ್ದ ಬೇಡಿಕೆ ಇದಲ್ಲ. ಶಾಲೆಯ ಅರ್ಜಿಯ ಮುಂದೆ ಪೆನ್ನು ಹಿಡಿದು ಕೂತವರಿಗೆ ಮಾತ್ರ ಗೊತ್ತಿದ್ದ ನೋವು.

ಈಗ ನಮ್ಮ ಮೆರವಣಿಗೆಗಳಿಗೆ ಬರೋಣ. ಈ ಬರಹದ ಮೂಲ ಇರುವುದೇ ಅಲ್ಲಿ. ತಾಲ್ಲೂಕಿನ ಯಾವ ಮೂಲೆಯಲ್ಲಿ ಬಸವ ಜಯಂತಿ, ಶರಣರ ಪುರಾಣ, ಪ್ರವಚನ ಮಂಗಲ ನಡೆದರೂ ನಮ್ಮ ವಾಟ್ಸಾಪ್‌ಗೆ ಒಂದು ಪ್ರಕಟಣೆ ಬರುತ್ತದೆ. ಅದರಲ್ಲಿ ಒಂದು ಸಾಲು ಖಾಯಂ: ‘101 ಸುಮಂಗಲೆಯರಿಂದ ಪೂರ್ಣಕುಂಭ ಮೆರವಣಿಗೆ’. ಒಮ್ಮೊಮ್ಮೆ 501, ಊರು ದೊಡ್ಡದಾದರೆ 1001. ಸುಮಂಗಲೆ ಎಂದರೆ ಗಂಡ ಬದುಕಿರುವವಳು. ಇಳಕಲ್ ಸೀರೆ, ಹಸಿರು ಬಳೆ, ತಲೆಯ ಮೇಲೆ ಕೊಡ. ಫೋಟೋ ಚೆಂದ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಗಂಡ ತೀರಿಕೊಂಡವಳು ಎಲ್ಲಿ? ರಸ್ತೆಯ ಪಕ್ಕ, ಬಾಗಿಲ ಮರೆಯಲ್ಲಿ. ‘ನಾವ್ಯಾಕ ಮುಂದ ಬರೋಣ್ರಿ, ಅಪಶಕುನ ಅಂತಾರ’ ಎನ್ನುವುದು ಅಂಥ ಹೆಣ್ಣುಮಕ್ಕಳಿಂದ ಸಾಮಾನ್ಯವಾಗಿ ಬರುವ ಮಾತು.

ಶರಣರು ಐದು ಸೂತಕಗಳನ್ನು ನಿರಾಕರಿಸಿದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ. ಲಿಂಗ ಕಟ್ಟಿಕೊಂಡ ಮೈಗೆ ಇವು ಯಾವುವೂ ತಟ್ಟುವುದಿಲ್ಲ ಎಂಬುದು ಅವರ ನಿಲುವು. ಶಕುನ, ಮುಹೂರ್ತ ನೋಡುವುದನ್ನು ಅವರು ಗೇಲಿ ಮಾಡಿದರು. ಬಸವಣ್ಣ ಜನಿವಾರ ಬಿಟ್ಟದ್ದಕ್ಕೂ ನಮ್ಮ ಕಡೆ ಹೇಳುವ ಕತೆ ಏನು? ಅಕ್ಕ ನಾಗಮ್ಮನಿಗೆ ಇಲ್ಲದ್ದು ನನಗೂ ಬೇಡ ಎಂದನಂತೆ. ಇದನ್ನು ವೇದಿಕೆಯ ಮೇಲೆ ಗಂಟಲು ಹರಿಯುವಂತೆ ಹೇಳುವವರೇ ವೇದಿಕೆಯ ಕೆಳಗೆ ಮುತ್ತೈದೆಯರನ್ನು ಎಣಿಸುತ್ತಾರೆ. ಇನ್ನೂ ಒಂದು ವಿಚಿತ್ರ ಕೇಳಿ. ದೇವದಾಸಿಯನ್ನು ಹಳೆಯ ಕಾಲದವರು ನಿತ್ಯ ಸುಮಂಗಲಿ ಎನ್ನುತ್ತಿದ್ದರು, ದೇವರಿಗೆ ಮದುವೆಯಾದವಳಿಗೆ ವೈಧವ್ಯ ಇಲ್ಲವೆಂದು. ಅದೇ ಎಲ್ಲಮ್ಮನ ಗುಡ್ಡದಲ್ಲಿ ರಂಡಿ ಹುಣ್ಣಿಮೆಗೆ ಬಳೆ ಒಡೆಯುವ, ಮುತ್ತೈದೆ ಹುಣ್ಣಿಮೆಗೆ ಮತ್ತೆ ತೊಡುವ ಆಚರಣೆ ಇತ್ತು. ಬಳೆ ಎಣಿಸಿ ಹೆಣ್ಣಿನ ಬೆಲೆ ಕಟ್ಟುವ ಆ ಲೆಕ್ಕವನ್ನು ಶರಣರ ಹೆಸರಿನ ಮೆರವಣಿಗೆ ಯಾಕೆ ಹೊತ್ತು ತಿರುಗಬೇಕು?

ಚೀನಾದಲ್ಲಿ 1950ರ ಮದುವೆ ಕಾನೂನು ಬಂದಾಗ ಬಾಲ್ಯವಿವಾಹ, ಹೆಣ್ಣು ಕೊಳ್ಳುವುದು ನಿಷೇಧವಾಯಿತು. ವಿಧವೆ ಮತ್ತೆ ಮದುವೆಯಾದರೆ ಯಾರೂ ಅಡ್ಡಿ ಮಾಡುವಂತಿಲ್ಲ ಎಂಬುದನ್ನೂ ಅದರಲ್ಲೇ ಬರೆದರು. ಪ್ರಚಾರವೂ ಭಾರಿಯೇ ಆಯಿತು. ಆದರೆ ಕಾನೂನು ನಂಬಿ ಗಂಡನನ್ನು ಬಿಡಲು ಹೊರಟ ಎಷ್ಟೋ ಹೆಂಗಸರು ಹೊಡೆತ ತಿಂದರು, ಕೊಲೆಯಾದರು. ಊರಿನ ಗಂಡಸರ ಸಿಟ್ಟು ಕಂಡು ಪಕ್ಷದ ಸ್ಥಳೀಯ ಮುಖಂಡರೇ ಹಿಂದೆ ಸರಿದರು. ಮುಂದೆ ಅವರ ಒಂದು ಯುವಾನ್ ನೋಟಿನ ಮೇಲೆ ಟ್ರ್ಯಾಕ್ಟರ್ ಓಡಿಸುವ ಹೆಣ್ಣುಮಗಳ ಚಿತ್ರ ಬಂತು. ಅದೇ ಹೊತ್ತಿಗೆ ಸಾಮೂಹಿಕ ಹೊಲಗಳಲ್ಲಿ ದಿನದ ಕೆಲಸಕ್ಕೆ ಗಂಡಾಳಿಗೆ ಹತ್ತು ಅಂಕ ಬಿದ್ದರೆ ಹೆಣ್ಣಾಳಿಗೆ ಸಾಮಾನ್ಯವಾಗಿ ಏಳೋ ಎಂಟೋ. ನೋಟಿನ ಮೇಲೆ ಪೂರ್ತಿ, ಕೂಲಿಯಲ್ಲಿ ಮುಕ್ಕಾಲು. ನಮ್ಮ ಎರೆ ಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣಾಳಿಗೆ ಸಿಗುವ ಕೂಲಿ ಎಷ್ಟು ಎಂದು ನಿಮಗೆ ನಾವು ಹೇಳಬೇಕಿಲ್ಲ.

ಹಾಗಾದರೆ ಪ್ರಚಾರವೇ ಬೇಡವೇ ಎಂದು ಕೇಳಬಹುದು. ಬೇಕು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1970ರ ದಶಕದಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋದರು. ದುಡ್ಡು ಕೇಳಲಿಲ್ಲ, ನಿಮ್ಮ ದುಶ್ಚಟ ಇದರಲ್ಲಿ ಹಾಕಿ ಎಂದರು. ಅದೂ ಪ್ರಚಾರವೇ, ಧರ್ಮದ ಭಾಷೆಯಲ್ಲೇ ಮಾಡಿದ್ದು. ಗಂಡ ಕುಡಿತ ಬಿಟ್ಟ ಮನೆಗಳಲ್ಲಿ ಅದರ ಫಲ ಉಂಡವರು ಹೆಣ್ಣುಮಕ್ಕಳು. ಆ ಜೋಳಿಗೆ ಗಂಡಸಿನ ಮುಂದೆ ಚಾಚಿತ್ತು, ಬಿಡಬೇಕಾದವನು ಅವನಾಗಿದ್ದ. ಪೂರ್ಣಕುಂಭದ ಮೆರವಣಿಗೆಯಲ್ಲಿ ಗಂಡಸು ಬಿಡಬೇಕಾದದ್ದು ಏನೂ ಇಲ್ಲ, ಕೊಡ ಹೊರುವವಳು ಅವಳೇ.

ಕೂಡಲಸಂಗಮದಲ್ಲೇ ಇನ್ನೊಂದು ಉದಾಹರಣೆ ಇದೆ, ಅದನ್ನು ಬಿಟ್ಟು ಬರೆದರೆ ಅನ್ಯಾಯವಾಗುತ್ತದೆ. ಮಾತೆ ಮಹಾದೇವಿ 1970ರಲ್ಲಿ ಧಾರವಾಡದಲ್ಲಿ ಜಗದ್ಗುರು ಪೀಠವೇರಿದರು, ಲಿಂಗಾಯತ ಪರಂಪರೆಯಲ್ಲಿ ಹಾಗೆ ಪೀಠವೇರಿದ ಮೊದಲ ಮಹಿಳೆ. ಇಲ್ಲಿಯ ಶರಣ ಮೇಳ 1988ರಲ್ಲಿ ಶುರುವಾದದ್ದು ಅವರಿಂದ. ಪುಸ್ತಕ ಬರೆದರು, ಪ್ರವಚನ ಮಾಡಿದರು, ಜಗಳವನ್ನೂ ಮೈಮೇಲೆ ಎಳೆದುಕೊಂಡರು. ವಚನಗಳ ಅಂಕಿತ ಕೂಡಲಸಂಗಮದೇವ ಎಂಬುದನ್ನು ಲಿಂಗದೇವ ಎಂದು ಬದಲಿಸಿ ಅಚ್ಚು ಹಾಕಿದಾಗ ನಾಡಿನ ತುಂಬ ವಿರೋಧ ಬಂತು. 1998ರಲ್ಲಿ ಸರ್ಕಾರ ಆ ಪುಸ್ತಕ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಅಂಕಿತ ಬದಲಿಸಿದ್ದು ನಮಗೂ ಒಪ್ಪಿಗೆಯಲ್ಲ, ಬರೆದವರ ಮಾತು ಬರೆದವರದ್ದಾಗಿಯೇ ಇರಬೇಕು. ಆದರೆ ಒಂದು ಮಾತು. ವಿರೋಧಿಸಿದವರೆಲ್ಲ ಅವರ ಮಾತಿಗೆ ಉತ್ತರ ಕೊಡಲೇಬೇಕಾಯಿತು. ಯಾರ ಕೈಗೂ ಆಕೆ ಬರೀ ಚಿತ್ರವಾಗಿ ಸಿಗಲಿಲ್ಲ. 2019ರ ಮಾರ್ಚ್‌ನಲ್ಲಿ ಅವರು ತೀರಿಕೊಂಡ ಮೇಲೆ ಪೀಠಕ್ಕೆ ಬಂದವರೂ ಮಹಿಳೆಯೇ, ಮಾತೆ ಗಂಗಾದೇವಿ.

ಉಳಿದ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ದಿವ್ಯ ಸಾನ್ನಿಧ್ಯ, ಸಮ್ಮುಖ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು. ಹೆಣ್ಣಿನ ಹೆಸರು ಸಿಗಬೇಕೆಂದರೆ ಬೆರಳು ಕೆಳಗೆ ಕೆಳಗೆ ಸರಿಸಬೇಕು. ಪ್ರಾರ್ಥನೆ, ವಚನ ಗಾಯನ, ನಿರೂಪಣೆ. ಆಮೇಲೆ ಮೆರವಣಿಗೆಯ 101ರಲ್ಲಿ ಹೆಸರಿಲ್ಲದೆ.

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಗ್ರಾಮ ಪಂಚಾಯಿತಿಯಿಂದ ವಿಧಾನಸೌಧದವರೆಗೆ ಕಚೇರಿಗಳಿಗೆ ಭಾವಚಿತ್ರ ಬಂತು. ಒಳ್ಳೆಯದಾಯಿತು. ಆ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಭಾವಚಿತ್ರದ ಕೆಳಗೆ ಅಧ್ಯಕ್ಷೆಯ ಕುರ್ಚಿ ಇದೆ, ಕುರ್ಚಿಯಲ್ಲಿ ಕೂತು ಮಾತಾಡುತ್ತಿರುವವನು ಎಷ್ಟೋ ಕಡೆ ಅಧ್ಯಕ್ಷೆಯ ಗಂಡ.

ಕೆಲವು ಊರುಗಳಲ್ಲಿ ಕುಂಭ ಬಿಟ್ಟು ವಚನ ಗ್ರಂಥಗಳನ್ನು ತಲೆಯ ಮೇಲೆ ಹೊತ್ತು ಮೆರವಣಿಗೆ ಮಾಡುವುದು ಶುರುವಾಗಿದೆ. ಅಲ್ಲಿ ಗಂಡ ಇದ್ದಾನೋ ಇಲ್ಲವೋ ಎಂದು ಕೇಳುವ ಪ್ರಮೇಯ ಬರುವುದಿಲ್ಲ. ಹೊತ್ತ ಪುಸ್ತಕವನ್ನು ವೇದಿಕೆಯ ಮೇಲೆ ಇಳಿಸಿ, ಹೊತ್ತವಳೇ ಒಂದು ಪುಟ ತೆಗೆದು ತನಗೆ ತಿಳಿದ ಅರ್ಥ ಹೇಳಲಿ ಎಂಬುದು ನಮ್ಮ ಒತ್ತಾಯ. ಐದು ನಿಮಿಷ ಸಾಕು. ರಂಟೆ ಹೊಡೆಯುವ ಮನೆಯ ವಿಧವೆ ಹೇಳಲಿ, ಮುಧೋಳ ಕಡೆಯ ಮಾಜಿ ದೇವದಾಸಿ ತಾಯಿ ಹೇಳಲಿ, ಸಂಕವ್ವೆಯ ಒಂದೇ ವಚನವನ್ನು ಅವರಿಗಿಂತ ಚೆನ್ನಾಗಿ ಯಾವ ಪ್ರವಚನಕಾರ ಬಿಡಿಸಿ ಹೇಳಬಲ್ಲ?

ಇನ್ನೊಂದು ಕೇಳಿಕೆ ದಾರಿಯ ಬಗ್ಗೆ. ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುವ ಜಾಗದಲ್ಲಿ ಬಸವಣ್ಣನ ಐಕ್ಯಮಂಟಪ ಇದೆ. ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಬಾವಿಯಂಥ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡಿದ್ದೇವೆ. ಗಂಗಾಂಬಿಕೆಯ ಐಕ್ಯಸ್ಥಳ ಮಲಪ್ರಭೆಯ ಮೇಲ್ದಂಡೆಯಲ್ಲಿ, ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿ. ನೀಲಾಂಬಿಕೆಯದು ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ, ಮುದ್ದೇಬಿಹಾಳ ತಾಲ್ಲೂಕು. ಕಲ್ಯಾಣದಿಂದ ಕರೆತರಲು ಬಸವಣ್ಣ ಹಡಪದ ಅಪ್ಪಣ್ಣನನ್ನು ಕಳಿಸಿದ್ದ, ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣ ಐಕ್ಯವಾದ ಸುದ್ದಿ ಮುಟ್ಟಿತು ಎನ್ನುತ್ತದೆ ಪರಂಪರೆ. ನೀಲಮ್ಮ ನದಿ ದಾಟಲಿಲ್ಲ. ಸಂಗಮ ಅಲ್ಲಿ ಮಾತ್ರ ಇದೆಯೇ, ಇಲ್ಲಿ ಇಲ್ಲವೇ ಎಂದು ಕೇಳಿ ಅಲ್ಲೇ ನಿಂತಳಂತೆ. ಗಂಡ ಕರೆಸಿದ ಜಾಗಕ್ಕೆ ಹೋಗದೆ ತನ್ನ ದೇವರನ್ನು ತಾನಿದ್ದಲ್ಲೇ ಕಂಡ ಹೆಣ್ಣುಮಗಳ ಕತೆ ನಮ್ಮ ಕಡೆ ಹೀಗೆ ಎಂಟು ಶತಮಾನ ಬದುಕಿದೆ.

ಮೇಳಕ್ಕೆ ಬರುವ ಬಸ್ಸು, ಟಂಟಂಗಳಲ್ಲಿ ಎಷ್ಟು ಆ ದಡಕ್ಕೆ ತಿರುಗುತ್ತವೆ? ಈ ಸಂಕ್ರಾಂತಿಗೆ ಕೂಡಲಸಂಗಮದಿಂದ ತಂಗಡಗಿಗೆ ದಿನಕ್ಕೆ ನಾಲ್ಕು ಬಸ್ಸು ಬಿಡಿ ಎಂದು ಸಾರಿಗೆ ಡಿಪೋದವರಿಗೆ ಅರ್ಜಿ ಕೊಡೋಣ. ಸಹಿ ಹಾಕುವವರು ನಮಗೆ ಮೆಸೇಜ್ ಮಾಡಿ. ಮನೆಯ ಹೆಣ್ಣುಮಕ್ಕಳ ಸಹಿ ಮೊದಲು ಹಾಕಿಸಿ, ಹೆಬ್ಬೆಟ್ಟಾದರೂ ನಡೆಯುತ್ತದೆ, ಮುಂದೆ ಅವರ ಹೆಸರು ಮಾತ್ರ ಪೂರ್ತಿ ಬರೆಯಿರಿ.